ಕವಾಟ ಕೂಡಿಸಿದ ಮೇಲೆ ಲೆಕ್ಕವಿಡುವವರು ಯಾರು?

ಫ್ರಾನ್ಸಿನ ರೂಆನ್ ನಗರದಲ್ಲಿ 2002ರ ಏಪ್ರಿಲ್ 16ರಂದು 57 ವರ್ಷದ ರೋಗಿಯೊಬ್ಬರ ಹೃದಯಕ್ಕೆ, ಎದೆಯನ್ನು ಸೀಳದೆಯೇ, ಹೊಸ ಕವಾಟವೊಂದನ್ನು ಕೂಡಿಸಲಾಯಿತು. ಅವರ ಸ್ಥಿತಿ ಎಷ್ಟು ವಿಷಮಿಸಿತ್ತೆಂದರೆ ತೆರೆದ ಎದೆಯ ಶಸ್ತ್ರಚಿಕಿತ್ಸೆಗೆ ಯಾರೂ ಒಪ್ಪಿರಲಿಲ್ಲ. ಹೃದಯದ ಬಲ ಕುಸಿದು ದೇಹಕ್ಕೆ ರಕ್ತ ಸಾಲದಾಗಿತ್ತು. ಕಾಲಿನ ಅಪಧಮನಿಗಳೂ ಕೆಟ್ಟಿದ್ದವು. ಡಾ. ಅಲೇನ್ ಕ್ರಿಬಿಯೆ ಮತ್ತು ಅವರ ಸಂಗಡಿಗರು ತೊಡೆಯ ಅಭಿಧಮನಿಯ ಮೂಲಕ ತೆಳುವಾದ ನಳಿಕೆಯನ್ನು ತೂರಿಸಿ, ಹೃದಯದ ಮೇಲ್ಕೋಣೆಗಳ ನಡುವಣ ಗೋಡೆಯನ್ನು ದಾಟಿಸಿ, ಮುದುಡಿಸಿಟ್ಟಿದ್ದ ಕವಾಟವನ್ನು ಅದರ ಸ್ಥಾನಕ್ಕೆ ಮುಟ್ಟಿಸಿ ಬಲೂನಿನಿಂದ ಅರಳಿಸಿದರು. ಕವಾಟ ಒಡನೆಯೇ ಕೆಲಸ ಆರಂಭಿಸಿತು. ರೋಗಿ ಕಣ್ಣೆದುರಿಗೇ ಚೇತರಿಸಿಕೊಂಡರು. ಆದರೆ ಕಾಲಿನ ರಕ್ತಸಂಚಾರ ಇನ್ನಷ್ಟು ಕೆಟ್ಟು ಕಾಲನ್ನೇ ತೆಗೆಯಬೇಕಾಯಿತು. ಗಾಯ ಮಾಯಲಿಲ್ಲ, ಸೋಂಕು ತಗುಲಿತು. ಕವಾಟ ಕೂಡಿಸಿದ 17 ವಾರಗಳ ನಂತರ ಅವರು ತೀರಿಕೊಂಡರು. ಈ ಅವಧಿಯಲ್ಲಿ ನಡೆದ ತಪಾಸಣೆಗಳಲ್ಲೆಲ್ಲ ಕವಾಟ ಮಾತ್ರ ತೃಪ್ತಿಕರವಾಗಿಯೇ ಇತ್ತು.

ಇದನ್ನು ಯಶಸ್ಸೆನ್ನಬೇಕೆ, ವೈಫಲ್ಯವೆನ್ನಬೇಕೆ? ತಂತ್ರಜ್ಞಾನದ ದೃಷ್ಟಿಯಿಂದ ಇದೊಂದು ಮೈಲಿಗಲ್ಲು. ಆ ಮನುಷ್ಯನ ದೃಷ್ಟಿಯಿಂದ ಉತ್ತರ ಅಷ್ಟು ಸರಳವಲ್ಲ. ಎರಡು ದಶಕಗಳು ಕಳೆದ ಮೇಲೆ ಈ ಚಿಕಿತ್ಸೆ ಜಗತ್ತಿನಾದ್ಯಂತ ಲಕ್ಷಾಂತರ ಜನರನ್ನು ತಲುಪಿದೆ. ವೈದ್ಯರ ಬಾಯಲ್ಲಿ ‘ಟಾವಿ’ ಎಂಬ ಹೆಸರು ಪಡೆದು ನಮ್ಮ ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ನೆಲೆಯೂರಿದೆ. ಆದರೆ ಫಲಿತಾಂಶವನ್ನು ಯಾವಾಗ ಅಳೆಯಬೇಕು, ಯಾವುದರಿಂದ ಅಳೆಯಬೇಕು, ಅದನ್ನು ಬರೆದಿಡುವವರು ಯಾರು ಎಂಬ ಪ್ರಶ್ನೆಗಳು ಮಾತ್ರ ಹಳೆಯವಾಗಿಲ್ಲ. ನಮ್ಮ ದೇಶದ ಮಟ್ಟಿಗಂತೂ ಅವನ್ನು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ.

ಈ ಚಿಕಿತ್ಸೆ ಎದುರಿಸುವ ರೋಗವನ್ನು ಮೊದಲು ಅರಿಯಬೇಕು. ಹೃದಯದ ಎಡ ಕೆಳಕೋಣೆಯಿಂದ ಹೊರಟ ರಕ್ತ ಮಹಾಪಧಮನಿಯನ್ನು ಸೇರುವ ಬಾಗಿಲಲ್ಲಿ ಮೂರು ತೆಳು ದಳಗಳ ಕವಾಟವೊಂದಿದೆ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ತೆರೆದು ಮುಚ್ಚುವ ಈ ದಳಗಳ ಮೇಲೆ ವಯಸ್ಸಾದಂತೆ ಸುಣ್ಣದ ಅಂಶ ಕೂತು ಅವು ಗಡುಸಾಗುತ್ತವೆ, ದ್ವಾರ ಕಿರಿದಾಗುತ್ತದೆ. ಕಿರಿದಾದ ಬಾಗಿಲಿನಿಂದ ರಕ್ತವನ್ನು ನೂಕಲು ಹೃದಯದ ಸ್ನಾಯು ದಪ್ಪವಾಗುತ್ತ, ಕೊನೆಗೆ ಸೋಲುತ್ತ ಹೋಗುತ್ತದೆ. ಮೊದಮೊದಲು ಯಾವ ತೊಂದರೆಯೂ ಕಾಣುವುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು, ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳುವುದು ಆರಂಭವಾದ ಮೇಲೆ ಕಾಲ ಬಹಳ ಉಳಿದಿರುವುದಿಲ್ಲ. ಇದಕ್ಕೆ ಮಾತ್ರೆಗಳಲ್ಲಿ ಪರಿಹಾರವಿಲ್ಲ. ಕೆಟ್ಟ ಕವಾಟವನ್ನು ಬದಲಿಸುವುದೊಂದೇ ದಾರಿ.

ಬದಲಿಸುವುದೆಂದರೆ ದಶಕಗಳ ಕಾಲ ಒಂದೇ ಅರ್ಥವಿತ್ತು: ಎದೆಮೂಳೆಯನ್ನು ಕೊಯ್ದು, ಹೃದಯವನ್ನು ನಿಲ್ಲಿಸಿ, ರಕ್ತಸಂಚಾರವನ್ನು ಯಂತ್ರಕ್ಕೆ ಒಪ್ಪಿಸಿ, ಹಳೆಯ ಕವಾಟವನ್ನು ಕತ್ತರಿಸಿ ತೆಗೆದು ಹೊಸದನ್ನು ಹೊಲಿಯುವುದು. ಎಂಬತ್ತು ದಾಟಿದ, ಮೂತ್ರಪಿಂಡ ಶ್ವಾಸಕೋಶಗಳು ಬಲಗುಂದಿದ ಹಿರಿಯರಲ್ಲಿ ಅನೇಕರು ಇದನ್ನು ತಾಳಲಾರರು. ಇಂಥವರಿಗಾಗಿ ಕ್ರಿಬಿಯೆ 1985ರಲ್ಲಿ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ತಂದರು. ಆದರೆ ಹಿಗ್ಗಿದ ದ್ವಾರ ತಿಂಗಳುಗಳಲ್ಲೇ ಮತ್ತೆ ಕಿರಿದಾಗುತ್ತಿತ್ತು. ಡೆನ್ಮಾರ್ಕಿನ ಹೆನ್ನಿಂಗ್ ರೂಡ್ ಆಂಡರ್ಸನ್ 1989ರಲ್ಲಿ ಲೋಹದ ಜಾಳಿಗೆಯೊಳಗೆ ಕವಾಟವನ್ನು ಹೊಲಿದು ಅದನ್ನು ನಳಿಕೆಯ ಮೂಲಕ ಹಂದಿಯೊಂದರ ದೇಹದಲ್ಲಿ ಕೂಡಿಸಿ ತೋರಿಸಿದರು. ಈ ಎರಡು ಎಳೆಗಳು ಕೂಡಿದ್ದೇ 2002ರ ಆ ದಿನ. ಇಂದು ಹೆಚ್ಚಿನ ರೋಗಿಗಳಲ್ಲಿ ತೊಡೆಸಂದಿಯ ಅಪಧಮನಿಯ ಮೂಲಕವೇ ಕೆಲಸ ನಡೆಯುತ್ತದೆ. ಎಷ್ಟೋ ಮಂದಿ ಮೂರು ನಾಲ್ಕು ದಿನಗಳಲ್ಲಿ ಮನೆಗೆ ಮರಳುತ್ತಾರೆ.

ಹೊಸ ವಿಧಾನ ನಿಜವಾಗಿ ಜೀವ ಉಳಿಸುತ್ತದೆಯೇ ಎಂಬುದನ್ನು ಮೊದಲ ಬಾರಿಗೆ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ‘ಪಾರ್ಟ್‌ನರ್’ ಹೆಸರಿನ ಅಧ್ಯಯನ. ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲವೆಂದು ನಿರ್ಧರಿಸಲಾಗಿದ್ದ 358 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಟಾವಿಯನ್ನೂ ಇನ್ನೊಂದಕ್ಕೆ ಅಂದಿನ ರೂಢಿಯ ಚಿಕಿತ್ಸೆಯನ್ನೂ ನೀಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದೊಳಗೆ ರೂಢಿಯ ಚಿಕಿತ್ಸೆಯ ಗುಂಪಿನಲ್ಲಿ ಶೇ 50.7ರಷ್ಟು ಮಂದಿ ಸತ್ತಿದ್ದರೆ ಟಾವಿ ಗುಂಪಿನಲ್ಲಿ ಆ ಪ್ರಮಾಣ ಶೇ 30.7. ಐವರಿಗೆ ಚಿಕಿತ್ಸೆ ನೀಡಿದರೆ ವರ್ಷಾಂತ್ಯಕ್ಕೆ ಒಂದು ಜೀವ ಹೆಚ್ಚುವರಿಯಾಗಿ ಉಳಿದಿರುತ್ತದೆ ಎಂದಾಯಿತು. ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಲಾಭ ಅಪರೂಪ.

ಆದರೆ ಇದೇ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಹೊಸ ಕವಾಟ ಪಡೆದವರಲ್ಲಿಯೂ ಹತ್ತರಲ್ಲಿ ಮೂವರು ಒಂದು ವರ್ಷ ಬದುಕಲಿಲ್ಲ. ಐದು ವರ್ಷಗಳ ವೇಳೆಗೆ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇ 93.6ರಷ್ಟು ಮಂದಿ ಇಲ್ಲವಾಗಿದ್ದರೆ, ಟಾವಿ ಪಡೆದವರಲ್ಲಿ ಇಲ್ಲವಾದವರು ಶೇ 71.8. ಕವಾಟ ಸರಿಹೋದರೂ ವಯಸ್ಸು, ಮೂತ್ರಪಿಂಡ, ಶ್ವಾಸಕೋಶ, ಕ್ಷೀಣಿಸಿದ ಸ್ನಾಯುಗಳು ಇದ್ದಲ್ಲಿಯೇ ಇದ್ದವು. ಮೊದಲ ತಿಂಗಳಲ್ಲಿ ತೀವ್ರ ಪಾರ್ಶ್ವವಾಯುವಿಗೆ ತುತ್ತಾದವರು ಟಾವಿ ಗುಂಪಿನಲ್ಲಿ ಶೇ 5, ಇನ್ನೊಂದರಲ್ಲಿ ಶೇ 1.1. ಗಡುಸಾದ ಕವಾಟವನ್ನು ಒತ್ತಿ ಅರಳಿಸುವಾಗ ಸುಣ್ಣದ ಚೂರುಗಳು ಕಳಚಿ ಮಿದುಳಿನತ್ತ ಹೋಗುವುದು ಇದಕ್ಕೆ ಮುಖ್ಯ ಕಾರಣ.

ಆ ನಂತರದ ವರ್ಷಗಳಲ್ಲಿ ನಳಿಕೆಗಳು ಸಣ್ಣವಾದವು, ಕವಾಟಗಳು ಉತ್ತಮಗೊಂಡವು, ವೈದ್ಯರ ಕೈ ಪಳಗಿತು. ಚಿಕಿತ್ಸೆ ಹೆಚ್ಚು ಅಪಾಯದ ರೋಗಿಗಳಿಂದ ಮಧ್ಯಮ ಅಪಾಯದವರಿಗೂ, ಅಲ್ಲಿಂದ ಕಡಿಮೆ ಅಪಾಯದವರಿಗೂ ಹಬ್ಬಿತು. ಶಸ್ತ್ರಚಿಕಿತ್ಸೆಯನ್ನು ಸುಲಭವಾಗಿ ತಾಳಬಲ್ಲ 1,000 ರೋಗಿಗಳ ಮೇಲೆ ನಡೆದ ‘ಪಾರ್ಟ್‌ನರ್ 3’ ಅಧ್ಯಯನದಲ್ಲಿ (2019) ಸಾವು, ಪಾರ್ಶ್ವವಾಯು ಅಥವಾ ಮರಳಿ ಆಸ್ಪತ್ರೆ ಸೇರುವುದು, ಈ ಮೂರರಲ್ಲೊಂದು ಒಂದು ವರ್ಷದೊಳಗೆ ಸಂಭವಿಸಿದ್ದು ಟಾವಿ ಪಡೆದವರಲ್ಲಿ ಶೇ 8.5, ಶಸ್ತ್ರಚಿಕಿತ್ಸೆಯವರಲ್ಲಿ ಶೇ 15.1. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಐದು ವರ್ಷಗಳ ಫಲಿತಾಂಶ 2023ರಲ್ಲಿ ಬಂದಾಗ ಅಂತರ ಕಿರಿದಾಗಿತ್ತು: ಶೇ 22.8 ಮತ್ತು ಶೇ 27.2. ಸಾವುಗಳನ್ನಷ್ಟೇ ಎಣಿಸಿದರೆ ಟಾವಿಯಲ್ಲಿ ಶೇ 10, ಶಸ್ತ್ರಚಿಕಿತ್ಸೆಯಲ್ಲಿ ಶೇ 8.2, ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಮೊದಲ ವರ್ಷದ ಚಿತ್ರವನ್ನೇ ಅಂತಿಮವೆಂದು ಭಾವಿಸಬಾರದೆಂಬುದಕ್ಕೆ ಇಷ್ಟು ಸಾಕು.

ಎರಡು ವಿಧಾನಗಳು ಕೊಡುವ ತೊಂದರೆಗಳೂ ಬೇರೆ ಬೇರೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ, ಹೃದಯದ ಬಡಿತದ ಏರುಪೇರು, ವಾರಗಟ್ಟಲೆಯ ಚೇತರಿಕೆ ಹೆಚ್ಚು. ಟಾವಿಯಲ್ಲಿ ಹಳೆಯ ಕವಾಟವನ್ನು ತೆಗೆಯದೆ ಬದಿಗೊತ್ತುವುದರಿಂದ ಹೃದಯದ ವಿದ್ಯುತ್ ಸಂಕೇತಗಳ ದಾರಿಗೆ ಪೆಟ್ಟು ಬಿದ್ದು ಪೇಸ್‌ಮೇಕರ್ ಅಳವಡಿಸಬೇಕಾಗುವುದುಂಟು. ಇದರ ಪ್ರಮಾಣ ಕವಾಟದ ವಿನ್ಯಾಸವನ್ನು ಅವಲಂಬಿಸಿದೆ. 2019ರಲ್ಲೇ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಬಲೂನಿನಿಂದ ಅರಳುವ ಕವಾಟ ಪಡೆದವರಲ್ಲಿ ತಿಂಗಳೊಳಗೆ ಶೇ 6.5ರಷ್ಟು ಮಂದಿಗೆ, ತಾನೇ ಅರಳುವ ಕವಾಟ ಪಡೆದವರಲ್ಲಿ ಶೇ 17.4ರಷ್ಟು ಮಂದಿಗೆ ಪೇಸ್‌ಮೇಕರ್ ಬೇಕಾಯಿತು. ಕವಾಟದ ಅಂಚಿನಿಂದ ರಕ್ತ ಸೋರುವ ತೊಂದರೆ ಈಗ ಬಹಳ ತಗ್ಗಿದೆಯಾದರೂ ಪೂರ್ತಿ ಮರೆಯಾಗಿಲ್ಲ.

ಇಷ್ಟೆಲ್ಲ ಅಂಕಿಗಳು ಬದುಕು-ಸಾವಿನ, ಅವಘಡಗಳ ಲೆಕ್ಕ. ಎಂಬತ್ತೆರಡು ವರ್ಷದ ವೃದ್ಧೆಯೊಬ್ಬರಿಗೆ ಮುಖ್ಯವಾದ ಪ್ರಶ್ನೆ ಬಹುಶಃ ಬೇರೆಯದೇ ಇರುತ್ತದೆ. ಮನೆಯಲ್ಲಿ ಯಾರ ಹಂಗಿಲ್ಲದೆ ಸ್ನಾನ ಮಾಡಿಕೊಳ್ಳಲಾದೀತೇ? ಬೀದಿಯ ತುದಿಯ ಗುಡಿಯವರೆಗೆ ನಡೆದು ಬರಲಾದೀತೇ? ರಾತ್ರಿ ದಿಂಬಿಗೊರಗಿ ಕೂತೇ ಬೆಳಗು ಮಾಡುವುದು ತಪ್ಪೀತೇ? ಇಂಥ ಪ್ರಶ್ನೆಗಳನ್ನು ಅಳತೆಗೆ ಒಗ್ಗಿಸುವ ಸಾಧನವೊಂದಿದೆ. ಅಮೆರಿಕದ ಕಾನ್ಸಾಸ್ ನಗರದಲ್ಲಿ ರೂಪುಗೊಂಡ ಈ ಪ್ರಶ್ನಾವಳಿ ಸ್ನಾನ, ನಡಿಗೆ, ಮೆಟ್ಟಿಲು, ಆಯಾಸ, ನಿದ್ರೆ, ಬದುಕಿನ ನೆಮ್ಮದಿ ಇವನ್ನೆಲ್ಲ ಕೇಳಿ, ಸೊನ್ನೆಯಿಂದ ನೂರರವರೆಗೆ ಅಂಕ ನೀಡುತ್ತದೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರ ಅಧ್ಯಯನದಲ್ಲಿ ಒಂದು ವರ್ಷದ ನಂತರ ಟಾವಿ ಪಡೆದವರು ಉಳಿದವರಿಗಿಂತ ಈ ಮಾಪನದಲ್ಲಿ ಸರಾಸರಿ 26 ಅಂಕ ಮುಂದಿದ್ದರು. ಐದು ಅಂಕದ ಏರಿಕೆಯೂ ರೋಗಿಯ ಅನುಭವಕ್ಕೆ ಬರುತ್ತದೆಂದು ತಜ್ಞರು ಹೇಳುವಾಗ 26 ಎಂದರೆ ಬದುಕೇ ಬದಲಾದಂತೆ.

ಸರಾಸರಿ ಎಲ್ಲರ ಕಥೆಯನ್ನು ಹೇಳುವುದಿಲ್ಲ. ಪಾರ್ಟ್‌ನರ್ ಅಧ್ಯಯನಗಳಲ್ಲಿ ಟಾವಿ ಪಡೆದ 2,137 ರೋಗಿಗಳನ್ನು ಆಮೇಲೆ ಪರಿಶೀಲಿಸಿದಾಗ, ಆರು ತಿಂಗಳ ಹೊತ್ತಿಗೆ ಶೇ 33ರಷ್ಟು ಮಂದಿ ಸತ್ತಿದ್ದರು, ಇಲ್ಲವೇ ಅವರ ಬದುಕಿನ ಗುಣಮಟ್ಟ ತೀರ ಕೆಳಗಿತ್ತು ಅಥವಾ ಮೊದಲಿಗಿಂತ ಕುಸಿದಿತ್ತು. ಕವಾಟ ಕೂಡಿಸುವ ಕೆಲಸ ಯಶಸ್ವಿಯಾಗಿದ್ದವರೂ ಇವರಲ್ಲಿದ್ದರು. ಆ ಕಾಲದ ರೋಗಿಗಳು ಹೆಚ್ಚು ಬಳಲಿದವರು, ಕವಾಟಗಳು ಮೊದಲ ತಲೆಮಾರಿನವು ಎಂಬುದನ್ನು ಒಪ್ಪಿಕೊಂಡರೂ ಈ ಮೂರನೇ ಒಂದು ಪಾಲನ್ನು ಅಲಕ್ಷಿಸಲಾಗದು.

ಯಾರಿಗೆ ಲಾಭವಾದೀತು, ಯಾರಿಗೆ ಆಗದು ಎಂಬುದನ್ನು ಮುಂಚೆಯೇ ಅಂದಾಜಿಸಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಮೂರು ದೇಶಗಳ 14 ಆಸ್ಪತ್ರೆಗಳಲ್ಲಿ 1,020 ಹಿರಿಯ ರೋಗಿಗಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ಸರಳ ಅಂಶಗಳನ್ನು ಗುರುತಿಸಿತು: ಕೈಯೂರದೆ ಕುರ್ಚಿಯಿಂದ ಐದು ಬಾರಿ ಏಳಲು ತಗಲುವ ಸಮಯ, ನೆನಪು ಮತ್ತು ಅರಿವಿನ ಸ್ಥಿತಿ, ರಕ್ತದ ಹಿಮೊಗ್ಲೋಬಿನ್, ಅಲ್ಬುಮಿನ್ ಎಂಬ ಪ್ರೊಟೀನಿನ ಮಟ್ಟ. ಒಂದು ಕುರ್ಚಿ, ಒಂದು ಗಡಿಯಾರ, ಎರಡು ರಕ್ತಪರೀಕ್ಷೆ. ಇವು ಹಿರಿಯರ ಬಲಹೀನತೆಯನ್ನು ಬೇರೆ ಎಷ್ಟೋ ಕ್ಲಿಷ್ಟ ಮಾಪನಗಳಿಗಿಂತ ಚೆನ್ನಾಗಿ ಹಿಡಿದವು. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆಗಳಿವು.

ಇನ್ನೊಂದು ಪ್ರಶ್ನೆ ಬಾಳಿಕೆಯದು. ಟಾವಿ ಕವಾಟಗಳು ಪ್ರಾಣಿಗಳ ಹೃದಯಾವರಣದ ಪೊರೆಯಿಂದ ಮಾಡಿದ ಜೈವಿಕ ಕವಾಟಗಳು. ಅವು ಕಾಲಕ್ರಮದಲ್ಲಿ ಸವೆಯುತ್ತವೆ. ಉತ್ತರ ಯುರೋಪಿನ ‘ನೋಷನ್’ ಅಧ್ಯಯನ 280 ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ 2024ರಲ್ಲಿ ವರದಿ ನೀಡಿತು. ಕವಾಟ ತೀವ್ರವಾಗಿ ಕೆಟ್ಟದ್ದು ಟಾವಿಯಲ್ಲಿ ಶೇ 1.5, ಶಸ್ತ್ರಚಿಕಿತ್ಸೆಯ ಜೈವಿಕ ಕವಾಟಗಳಲ್ಲಿ ಶೇ 10. ಭರವಸೆ ಹುಟ್ಟಿಸುವ ಸಂಗತಿ ಇದು. ಆದರೆ ಆ ರೋಗಿಗಳ ಸರಾಸರಿ ವಯಸ್ಸು 79. ಹತ್ತು ವರ್ಷ ಮುಗಿಯುವಷ್ಟರಲ್ಲಿ ಎರಡೂ ಗುಂಪುಗಳಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗದಷ್ಟು ಮಂದಿ ತೀರಿಕೊಂಡಿದ್ದರು. ಕವಾಟ ತನ್ನ ಒಡೆಯನಿಗಿಂತ ಹೆಚ್ಚು ಕಾಲ ಬಾಳಿತೆಂದ ಮಾತ್ರಕ್ಕೆ ಅರವತ್ತರ ಆಸುಪಾಸಿನವರ ಎದೆಯಲ್ಲಿ ಅದು ಇಪ್ಪತ್ತು ವರ್ಷ ದುಡಿಯುತ್ತದೆಂದು ಹೇಳಲಾಗದು. ಅಮೆರಿಕದ 2020ರ ಮಾರ್ಗಸೂಚಿ 65ಕ್ಕಿಂತ ಕಿರಿಯರಿಗೆ ಶಸ್ತ್ರಚಿಕಿತ್ಸೆಯನ್ನೂ 80 ದಾಟಿದವರಿಗೆ ಟಾವಿಯನ್ನೂ ಸೂಚಿಸಿ, ನಡುವಿನವರ ನಿರ್ಧಾರವನ್ನು ವೈದ್ಯ ಮತ್ತು ರೋಗಿಯ ಸಮಾಲೋಚನೆಗೆ ಬಿಟ್ಟಿದ್ದು ಈ ಕಾರಣಕ್ಕೇ. ಯುರೋಪಿನ ಮಾರ್ಗಸೂಚಿ 2021ರಲ್ಲಿ 75 ಎಂದಿದ್ದ ಟಾವಿಯ ವಯೋಮಿತಿಯನ್ನು 2025ರಲ್ಲಿ 70ಕ್ಕೆ ಇಳಿಸಿದೆ.

ವಯಸ್ಸಿನ ಈ ಗೆರೆ ನಮಗೆ ಬಹಳ ಮುಖ್ಯ. ಕವಾಟದಲ್ಲಿ ಮೂರರ ಬದಲು ಎರಡೇ ದಳಗಳೊಂದಿಗೆ ಹುಟ್ಟಿದವರಲ್ಲಿ ರೋಗ ಬೇಗ ಕಾಣಿಸಿಕೊಳ್ಳುತ್ತದೆ. ಎಪ್ಪತ್ತಕ್ಕಿಂತ ಕಿರಿಯ ರೋಗಿಗಳಲ್ಲಿ ಇಂಥವರ ಪಾಲು ದೊಡ್ಡದು. ಪಾರ್ಟ್‌ನರ್ 3 ಇವರನ್ನು ಹೊರಗಿಟ್ಟಿತ್ತು. ಇವರನ್ನೂ ಸೇರಿಸಿಕೊಂಡ ‘ನೋಷನ್ 2’ ಅಧ್ಯಯನದಲ್ಲಿ (2024) ಎರಡು ದಳದ ಕವಾಟವಿದ್ದ 100 ರೋಗಿಗಳ ಪೈಕಿ ಸಾವು, ಪಾರ್ಶ್ವವಾಯು ಅಥವಾ ಮರಳಿ ಆಸ್ಪತ್ರೆ ಸೇರುವ ಪ್ರಸಂಗ ಒಂದು ವರ್ಷದಲ್ಲಿ ಟಾವಿಯವರಲ್ಲಿ ಶೇ 14.3, ಶಸ್ತ್ರಚಿಕಿತ್ಸೆಯವರಲ್ಲಿ ಶೇ 3.9 ಇತ್ತು. ಸಂಖ್ಯೆ ಸಣ್ಣದಾದ್ದರಿಂದ ಇದನ್ನು ತೀರ್ಪೆಂದು ಭಾವಿಸಬೇಕಿಲ್ಲ, ಎಚ್ಚರಿಕೆಯೆಂದು ಭಾವಿಸಬೇಕು.

ಈ ಎಲ್ಲ ತಿಳಿವಳಿಕೆ ಎಲ್ಲಿಂದ ಬಂತು? ಅಧ್ಯಯನಗಳು ಆಯ್ದ ರೋಗಿಗಳ ಮೇಲೆ, ನುರಿತ ಕೇಂದ್ರಗಳಲ್ಲಿ ನಡೆಯುತ್ತವೆ. ದಿನನಿತ್ಯದ ಆಸ್ಪತ್ರೆಗಳಲ್ಲಿ ಏನಾಗುತ್ತಿದೆ ಎಂಬುದನ್ನು ತಿಳಿಸುವುದು ದಾಖಲಾತಿ. ಅಮೆರಿಕದಲ್ಲಿ ಹಿರಿಯರ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇರ್ 2012ರಲ್ಲಿ ಟಾವಿಗೆ ಹಣ ಕೊಡಲು ಒಪ್ಪಿದಾಗ ಒಂದು ಷರತ್ತು ವಿಧಿಸಿತು: ಪ್ರತಿಯೊಬ್ಬ ರೋಗಿಯ ವಿವರವೂ ರಾಷ್ಟ್ರೀಯ ದಾಖಲೆಗೆ ಸೇರಬೇಕು. ತಿಂಗಳ ನಂತರ ಮತ್ತು ವರ್ಷದ ನಂತರ ರೋಗಿ ಹೇಗಿದ್ದಾರೆ ಎಂಬುದೂ ಅಲ್ಲಿ ದಾಖಲಾಗುತ್ತದೆ. ಆ ದಾಖಲೆ ಇದ್ದುದರಿಂದಲೇ 2019ರಲ್ಲಿ ಮಹತ್ವದ ಸಂಗತಿಯೊಂದು ಬೆಳಕಿಗೆ ಬಂತು. ತೊಡೆಯ ಮೂಲಕ ನಡೆದ 96 ಸಾವಿರಕ್ಕೂ ಹೆಚ್ಚು ಚಿಕಿತ್ಸೆಗಳನ್ನು ಪರಿಶೀಲಿಸಿದಾಗ, ಅತಿ ಕಡಿಮೆ ಟಾವಿ ಮಾಡುವ ಆಸ್ಪತ್ರೆಗಳಲ್ಲಿ ಒಂದು ತಿಂಗಳೊಳಗಿನ ಸಾವಿನ ಪ್ರಮಾಣ ಶೇ 3.19, ಅತಿ ಹೆಚ್ಚು ಮಾಡುವಲ್ಲಿ ಶೇ 2.66 ಇತ್ತು. ಒಂದೊಂದು ಆಸ್ಪತ್ರೆ ತನ್ನಷ್ಟಕ್ಕೆ ಎಷ್ಟೇ ಪ್ರಾಮಾಣಿಕವಾಗಿ ಲೆಕ್ಕವಿಟ್ಟರೂ ಇಂಥ ಸತ್ಯ ಕಾಣಿಸದು. ಎಲ್ಲರ ಲೆಕ್ಕ ಒಂದೆಡೆ ಸೇರಿದಾಗ ಮಾತ್ರ ಕಾಣುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಹೃದಯ ಕವಾಟದ ವಿಷಯದಲ್ಲಿ ಭಾರತ ಹಿಂದುಳಿದ ದೇಶವೇನಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ ರೂಪುಗೊಂಡ ಯಾಂತ್ರಿಕ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಲಾಯಿತು. ವಿದೇಶಿ ಕವಾಟ ಕೊಳ್ಳಲಾರದ ಸಾವಿರಾರು ಬಡವರಿಗೆ ಅದು ಆಸರೆಯಾಯಿತು. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದ ವಲಿಯತ್ತಾನ್ 2024ರಲ್ಲಿ ನಿಧನರಾಗುವವರೆಗೂ ಮಣಿಪಾಲದವರೇ ಆಗಿದ್ದರು. ಟಾವಿಯಲ್ಲಿಯೂ ಅಂಥದೇ ಸಾಧನೆ ನಡೆದಿದೆ. ಗುಜರಾತಿನ ವಾಪಿಯ ಮೆರಿಲ್ ಲೈಫ್ ಸೈನ್ಸಸ್ ತಯಾರಿಸಿದ ‘ಮೈವಾಲ್’ ಕವಾಟಕ್ಕೆ 2018ರಲ್ಲಿ ಭಾರತದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ, 2019ರಲ್ಲಿ ಯುರೋಪಿನ ಮಾನ್ಯತೆ ದೊರೆತವು. ಅದನ್ನು ಜಗತ್ತಿನ ಎರಡು ಪ್ರಮುಖ ಕವಾಟಗಳೊಂದಿಗೆ ಹೋಲಿಸಿದ ‘ಲ್ಯಾಂಡ್‌ಮಾರ್ಕ್’ ಅಧ್ಯಯನ 768 ರೋಗಿಗಳ ಮೇಲೆ, 16 ದೇಶಗಳ 31 ಆಸ್ಪತ್ರೆಗಳಲ್ಲಿ ನಡೆಯಿತು. ಸಾವು, ಪಾರ್ಶ್ವವಾಯು, ರಕ್ತಸ್ರಾವ, ಪೇಸ್‌ಮೇಕರ್ ಮುಂತಾದ ತೊಂದರೆಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಂಗಳಿನ ಅಂತ್ಯಕ್ಕೆ ಮೈವಾಲ್ ಗುಂಪಿನಲ್ಲಿ ಶೇ 25, ಇತರ ಕವಾಟಗಳ ಗುಂಪಿನಲ್ಲಿ ಶೇ 27ರಷ್ಟು ರೋಗಿಗಳು ಅವುಗಳಿಗೆ ಈಡಾಗಿದ್ದರು. ನಮ್ಮ ಕವಾಟ ಯಾರಿಗೂ ಕಡಿಮೆಯಲ್ಲವೆಂದು 2024ರಲ್ಲಿ ಸಾಬೀತಾಯಿತು.

ಹೆಮ್ಮೆಪಡುವ ಸಂಗತಿಯೇ ಸರಿ. ಆದರೆ ಆ ಹದಿನಾರು ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಭಾರತದಲ್ಲಿ ತಯಾರಾದ ಕವಾಟ ಜರ್ಮನಿಯ, ಸ್ಪೇನಿನ, ಬ್ರೆಜಿಲ್‌ನ ರೋಗಿಗಳಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಈಗ ಗಟ್ಟಿ ಸಾಕ್ಷ್ಯವಿದೆ. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಅದೇ ಕವಾಟ ಪಡೆದವರು ಒಂದು ವರ್ಷದ ನಂತರ ಹೇಗಿದ್ದಾರೆ ಎಂದು ಕೇಳಿದರೆ, ಆಯಾ ಆಸ್ಪತ್ರೆಗಳ ವರದಿಗಳನ್ನೂ ಸ್ವಯಂಪ್ರೇರಣೆಯ ಪ್ರಬಂಧಗಳನ್ನೂ ನೆಚ್ಚಬೇಕು. ದೇಶದಲ್ಲಿ ನಡೆಯುವ ಪ್ರತಿಯೊಂದು ಟಾವಿಯನ್ನೂ ಕಡ್ಡಾಯವಾಗಿ ದಾಖಲಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಉಪಕರಣಗಳಿಂದಾದ ತೊಂದರೆಗಳನ್ನು ವರದಿ ಮಾಡಲು 2015ರಲ್ಲಿ ಆರಂಭವಾದ ಕಾರ್ಯಕ್ರಮವೊಂದಿದೆ, ನಿಜ. ಅದು ತೊಂದರೆಗಳನ್ನು ಎಣಿಸುತ್ತದೆ. ಒಟ್ಟು ಎಷ್ಟು ಮಂದಿಗೆ ಉಪಕರಣ ಅಳವಡಿಸಲಾಯಿತು ಎಂಬುದು ಗೊತ್ತಿಲ್ಲದಿದ್ದಾಗ ಆ ಎಣಿಕೆಯಿಂದ ಪ್ರಮಾಣ ತಿಳಿಯುವುದಿಲ್ಲ.

ದಾಖಲೆಯಿಲ್ಲದಿದ್ದರೆ ಆಗುವ ಅನಾಹುತವನ್ನು ನಾವು ಈಗಾಗಲೇ ಕಂಡಿದ್ದೇವೆ. ಡಿಪ್ಯೂ ಕಂಪೆನಿ ತನ್ನ ದೋಷಯುಕ್ತ ಕೃತಕ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಅದನ್ನು ಅಳವಡಿಸಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಣೆ ನಡೆಸಿದಾಗ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಸುಳಿವೇ ಸಿಕ್ಕಿರಲಿಲ್ಲ. ಪರಿಹಾರದ ಮಾತು ಹಾಗಿರಲಿ, ನಿಮ್ಮ ದೇಹದೊಳಗಿರುವುದು ಕೆಟ್ಟ ಕೀಲು ಎಂದು ಅವರಿಗೆ ತಿಳಿಸಲೂ ದಾರಿಯಿರಲಿಲ್ಲ. ಕೀಲು ಕೆಟ್ಟರೆ ನೋವಾದರೂ ಎಚ್ಚರಿಸುತ್ತದೆ. ಕವಾಟ ಕೆಟ್ಟರೆ ಅಷ್ಟು ವ್ಯವಧಾನ ಸಿಗುವುದಿಲ್ಲ.

ಇದು ನಮಗೆ ಸಾಧ್ಯವಾಗದ ಕೆಲಸವೆಂದು ಯಾರೂ ಹೇಳಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರ ದಶಕದ ಆರಂಭದಲ್ಲೇ ಕ್ಯಾನ್ಸರ್ ದಾಖಲಾತಿಯನ್ನು ಆರಂಭಿಸಿತು. ಗಣಕಯಂತ್ರಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಮುಂಬೈ ಮತ್ತು ಚೆನ್ನೈ ಜೊತೆಗೆ ಆಯ್ಕೆಯಾದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿ ಸಂಸ್ಥೆ ಆ ಹೊಣೆಯನ್ನು ನಿರ್ವಹಿಸುತ್ತ ಬಂದಿದೆ. ಇಂದು ದೇಶದ ಕ್ಯಾನ್ಸರ್ ಚಿತ್ರಣದ ಬಗ್ಗೆ ನಾವು ಖಚಿತವಾಗಿ ಮಾತನಾಡಬಲ್ಲೆವಾದರೆ ಅದಕ್ಕೆ ಆ ದಾಖಲೆಗಳೇ ಆಧಾರ. ವರ್ಷಕ್ಕೆ ಲಕ್ಷಾಂತರ ಕ್ಯಾನ್ಸರ್ ರೋಗಿಗಳಿರುವ ದೇಶದಲ್ಲಿ ಅದು ಸಾಧ್ಯವಾದರೆ, ಕೆಲವೇ ಆಸ್ಪತ್ರೆಗಳಲ್ಲಿ ನಡೆಯುವ ಟಾವಿಯ ಲೆಕ್ಕವಿಡುವುದು ಎಷ್ಟರ ಕೆಲಸ?

ಹಣದ ಪ್ರಶ್ನೆಯೂ ಇದರೊಡನೆಯೇ ಹೆಣೆದುಕೊಂಡಿದೆ. ನಮ್ಮಲ್ಲಿ ಟಾವಿಯ ಒಟ್ಟು ವೆಚ್ಚ ಸಾಮಾನ್ಯವಾಗಿ ಹತ್ತು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಅದರಲ್ಲಿ ಸಿಂಹಪಾಲು ಕವಾಟದ ಬೆಲೆ. ಆಯುಷ್ಮಾನ್ ಭಾರತ್ ಯೋಜನೆಯನ್ನು 2024ರ ಅಕ್ಟೋಬರ್‌ನಲ್ಲಿ, ಆದಾಯವನ್ನು ಪರಿಗಣಿಸದೆ, 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಈ ರೋಗ ಹೆಚ್ಚಾಗಿ ಬಾಧಿಸುವುದು ಆ ವಯಸ್ಸಿನವರನ್ನೇ. ಆದರೆ ಯೋಜನೆಯ ವಾರ್ಷಿಕ ಮಿತಿ ಐದು ಲಕ್ಷ. ಉಳಿದ ಹಣಕ್ಕೆ ಮನೆಯವರು ಜಮೀನನ್ನೋ ಒಡವೆಯನ್ನೋ ನೋಡಬೇಕು. ಸ್ಟೆಂಟುಗಳ ಬೆಲೆಗೆ 2017ರ ಫೆಬ್ರುವರಿಯಲ್ಲಿ ಸರ್ಕಾರ ಮಿತಿ ಹಾಕಿದಂತೆ ಕವಾಟಕ್ಕೂ ಹಾಕಬೇಕೆಂಬ ಬೇಡಿಕೆ ಏಳುವುದು ಸಹಜ. ಆದರೆ ಬೆಲೆ ಇಳಿದರಷ್ಟೇ ಸಾಲದು. ಯಾರಿಗೆ ಪ್ರಯೋಜನವಾಗುತ್ತದೆ ಎಂಬುದು ತಿಳಿಯದೆ ಅಗ್ಗವಾದ ಚಿಕಿತ್ಸೆ, ಬೇಡದವರಿಗೂ ನಡೆಯುವ ಚಿಕಿತ್ಸೆಯಾಗಿ ಮಾರ್ಪಡುವ ಅಪಾಯವಿದೆ. ಸಾರ್ವಜನಿಕ ಹಣ ಪಡೆಯುವ ಪ್ರತಿಯೊಂದು ಟಾವಿಯೂ ದಾಖಲೆಗೆ ಸೇರಬೇಕೆಂಬ ಷರತ್ತನ್ನು ಸರ್ಕಾರ ವಿಧಿಸಿದರೆ ಬೆಲೆ ಮತ್ತು ಗುಣಮಟ್ಟ ಎರಡರ ಚರ್ಚೆಗೂ ಗಟ್ಟಿ ನೆಲ ಸಿಗುತ್ತದೆ. ಖಾಸಗಿ ವಿಮಾ ಕಂಪೆನಿಗಳೂ ಇದೇ ಷರತ್ತನ್ನು ಹಾಕಬಹುದು.

ದಾಖಲೆಯಲ್ಲಿ ಏನಿರಬೇಕು? ರೋಗಿಯ ವಯಸ್ಸು, ಕವಾಟದ ಮಾದರಿ ಮತ್ತು ಕ್ರಮಸಂಖ್ಯೆ, ಚಿಕಿತ್ಸೆಗೆ ಮುನ್ನ ಆತ ಕುರ್ಚಿಯಿಂದ ಏಳಬಲ್ಲವನಾಗಿದ್ದನೇ ಎಂಬ ವಿವರ, ತಿಂಗಳೊಳಗಿನ ಪಾರ್ಶ್ವವಾಯು ಮತ್ತು ಪೇಸ್‌ಮೇಕರ್, ಒಂದು ವರ್ಷದ ನಂತರ ಆತ ಬದುಕಿದ್ದಾನೆಯೇ, ಬದುಕಿದ್ದರೆ ಹೇಗೆ ಬದುಕಿದ್ದಾನೆ ಎಂಬ ಉತ್ತರ. ಕೊನೆಯದಕ್ಕೆ ಬೇಕಿರುವುದು ರೋಗಿಯ ಭಾಷೆಯಲ್ಲೇ ಹತ್ತು ನಿಮಿಷ ಮಾತನಾಡುವ ಒಂದು ದೂರವಾಣಿ ಕರೆ. ಆಸ್ಪತ್ರೆವಾರು ಫಲಿತಾಂಶ, ರೋಗದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದು, ವರ್ಷಕ್ಕೊಮ್ಮೆ ಪ್ರಕಟವಾಗಬೇಕು. ಇಲ್ಲದಿದ್ದರೆ ಕಷ್ಟದ ರೋಗಿಗಳನ್ನು ಒಪ್ಪಿಕೊಳ್ಳುವ ಒಳ್ಳೆಯ ಆಸ್ಪತ್ರೆಗೇ ಕೆಟ್ಟ ಹೆಸರು ಬಂದೀತು.

ದಾಖಲೆ ಬರುವವರೆಗೆ ರೋಗಿಗಳೂ ಮನೆಯವರೂ ಸುಮ್ಮನಿರಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರ ಚಿಕಿತ್ಸೆಯನ್ನು ಬಹುಪಾಲು ಮಕ್ಕಳೇ ತೀರ್ಮಾನಿಸುತ್ತಾರೆ, ಪ್ರೀತಿಯಿಂದಲೇ ತೀರ್ಮಾನಿಸುತ್ತಾರೆ. ಆ ಪ್ರೀತಿಯ ನಡುವೆ, ನಿಮಗೆ ಏನು ಬೇಕು ಎಂದು ಹಿರಿಯರನ್ನೇ ಕೇಳುವುದು ಮರೆತುಹೋಗುತ್ತದೆ. ವೈದ್ಯರ ಬಳಿಯೂ ಕೇಳಬೇಕಾದ ಪ್ರಶ್ನೆಗಳಿವೆ. ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಟಾವಿಗಳಾಗುತ್ತವೆ? ಅವರಲ್ಲಿ ಎಷ್ಟು ಮಂದಿಗೆ ಪಾರ್ಶ್ವವಾಯುವಾಯಿತು, ಎಷ್ಟು ಮಂದಿಗೆ ಪೇಸ್‌ಮೇಕರ್ ಬೇಕಾಯಿತು? ಈ ವಯಸ್ಸಿಗೆ, ಈ ಕವಾಟಕ್ಕೆ ಶಸ್ತ್ರಚಿಕಿತ್ಸೆ ಮೇಲೋ, ಟಾವಿ ಮೇಲೋ? ಈ ಕವಾಟ ಸವೆದರೆ ಮುಂದೇನು? ಹೃದ್ರೋಗತಜ್ಞರ ಜೊತೆಗೆ ಶಸ್ತ್ರಚಿಕಿತ್ಸಕರೂ ರೋಗಿಯನ್ನು ನೋಡಿದ್ದಾರೆಯೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಮುನಿಸಿಕೊಳ್ಳುವುದಿಲ್ಲ. ಉತ್ತರಿಸಲು ಅವರಿಗೂ ಅಂಕಿಅಂಶ ಬೇಕು. ಅದನ್ನು ಒದಗಿಸುವುದು ವ್ಯವಸ್ಥೆಯ ಹೊಣೆ.

ಎದೆ ಸೀಳದೆ ಹೃದಯದ ಬಾಗಿಲನ್ನು ಬದಲಿಸಬಲ್ಲ ವಿದ್ಯೆ ನಿಜಕ್ಕೂ ದೊಡ್ಡದು. ಉಸಿರಿಗಾಗಿ ಒದ್ದಾಡುತ್ತಿದ್ದ ಅನೇಕ ಹಿರಿಯರಿಗೆ ಅದು ಅಂಗಳದ ತುಳಸಿಗೆ ತಾವೇ ನೀರೆರೆಯುವ ಬೆಳಗುಗಳನ್ನು ಮರಳಿ ಕೊಟ್ಟಿದೆ. ಕೆಲವರಿಗೆ ಕೊಟ್ಟಿಲ್ಲ. ಇಬ್ಬರಲ್ಲಿ ಯಾರು ಎಷ್ಟು ಮಂದಿ, ಯಾಕೆ ಹೀಗಾಯಿತು ಎಂಬುದು ತಿಳಿದರೆ ಮುಂದಿನ ರೋಗಿಗೆ ಸರಿಯಾದ ಸಲಹೆ ಕೊಡಬಹುದು. ದೇಶಕ್ಕೆ ಕವಾಟ ಮಾಡುವ ಜಾಣ್ಮೆ ಬಂದಿದೆ. ಕವಾಟ ಪಡೆದವರನ್ನು ಒಂದು ವರ್ಷದ ಮೇಲೆ ಹುಡುಕಿಕೊಂಡು ಹೋಗಿ, ಹೇಗಿದ್ದೀರಿ ಎಂದು ಕೇಳಿ ಬರೆದಿಡುವ ಶಿಸ್ತು ಇನ್ನು ಬರಬೇಕಾಗಿದೆ.